ಅವ್ವ ಬರೆದ ಹನ್ನೊಂದು ಸಾಲು

ಕಪ್ಪತಗುಡ್ಡದ ಮೇಲ್ಬಿಡಾರ,
ಹೊಳೆ ದಿಕ್ಕು ಬದಲಿಸಿದ ಮೇಲಿನ ತೊಂಬತ್ತೊಂದನೇ ವರ್ಷ, ಹದಿನಾಲ್ಕನೇ ತಿಂಗಳ ಮೂರನೇ ದಿನ.

ಇಸವಿ ಎಣಿಸುತ್ತಿದ್ದ ಕಾಲದ ಗದ್ಯ ಬರಹಗಾರರಿಗೆ ದೇವಕ್ಕ ಹುಲ್ಲೂರ ಮಾಡುವ ನಮಸ್ಕಾರ. ತಿಂಗಳ ಸಂಖ್ಯೆ ನೋಡಿ ಹುಬ್ಬೇರಿಸಬೇಡಿ. ಬೇಸಿಗೆ ಉದ್ದವಾದಾಗ ನಾವು ಎರಡು ತಿಂಗಳು ಸೇರಿಸಿಕೊಂಡೆವು. ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ನುಣುಪಾದ ಮಾತು ನಮ್ಮಲ್ಲಿ ಬೇಕಾದಷ್ಟಿದೆ, ಅದರಿಂದಲೇ ಕೆಟ್ಟಿದ್ದೇವೆ.

ನಮ್ಮ ಬರೆಯುವ ಹಲಗೆಗಳಲ್ಲೆಲ್ಲ ಮುಂಗೈ ಎಂಬುದೊಂದಿದೆ. ನೀವು ಎರಡು ಪದ ಬರೆದರೆ ಉಳಿದ ವಾಕ್ಯವನ್ನು ಅದೇ ಮುಗಿಸುತ್ತದೆ. ದೂರು, ಪ್ರೇಮಪತ್ರ, ಸಾವಿನ ಸುದ್ದಿ, ಎಲ್ಲದಕ್ಕೂ ಒಂದೇ ಹದ. ಏಳು ವರ್ಷದ ಹಿಂದೆ ನೀರಿನ ಸುರಂಗದಲ್ಲಿ ಕೆಲಸಕ್ಕಿಳಿದಿದ್ದ ಮೂವತ್ತೆಂಟು ಜನ ಮುಳುಗಿ ಸತ್ತರು. ಬದುಕಿ ಬಂದವರು ಆರು ಮಂದಿ. ಐವರು ಹಲಗೆಯ ಮೇಲೆ ಸಾಕ್ಷಿ ಬರೆದರು. ಐದೂ ‘ವಿಧಿಯ ಆಟ’ದಲ್ಲಿ ಮುಗಿದವು. ಸುರಂಗದ ಬಾಗಿಲು ಹಾಕಿಸಿದವನ ಹೆಸರು ಒಂದರಲ್ಲೂ ಇರಲಿಲ್ಲ. ಆರನೆಯವಳು ನನ್ನ ಅವ್ವ, ಗಿರಿಜವ್ವ. ಅವಳು ಹಲಗೆ ಮುಟ್ಟಲಿಲ್ಲ.

ಅವ್ವನ ಬಳಿ ನಿಮ್ಮ ಕಾಲದ ಗಣಕಯಂತ್ರವೊಂದಿತ್ತು. ಮೌಸ್ ಇಲ್ಲ, ಮುಂಗೈ ಇಲ್ಲ, ಬರೀ ಕೀಲಿಮಣೆ. ಅದರೊಳಗಿನ ಬರೆಯುವ ತಂತ್ರಾಂಶಕ್ಕೆ ಎರಡು ಸ್ಥಿತಿ. ‘ಬರವಣಿಗೆ’ಯಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ. ‘ನಿಲುಗಡೆ’ಯಲ್ಲಿ ಅದೇ ಕೀಲಿಗಳು ಆಜ್ಞೆಗಳಾಗಿ ಸಾಲಿನಿಂದ ಸಾಲಿಗೆ ಒಯ್ಯುತ್ತವೆ, ವಾಕ್ಯ ಕತ್ತರಿಸುತ್ತವೆ, ಕತ್ತರಿಸಿದ್ದನ್ನು ಬೇರೆಡೆ ಕೂರಿಸುತ್ತವೆ. ತೆರೆದಾಗಲೆಲ್ಲ ಅದು ಇರುವುದು ನಿಲುಗಡೆಯಲ್ಲೇ. ಇದೆಂಥ ಕಾಟ ಎಂದು ನಾನು ಗೊಣಗಿದಾಗ ಅವ್ವ ಅಂದಿದ್ದಳು, “ಬರಿಯೂದು ಸ್ವಲ್ಪ ಹೊತ್ತಿನ ಕೆಲಸ ಐತಿ. ಬರದದ್ದನ್ನ ಓದಿ ತಿದ್ದೂದಕ್ಕನ ಹೆಚ್ಚು ಹೊತ್ತು ಬೇಕು. ಇದಕ್ಕ ಅದು ಗೊತ್ತೈತಿ, ನಿನಗ ಗೊತ್ತಿಲ್ಲ.” ಕೆಸರುನೀರು ಹೊಕ್ಕ ಎದೆ ಹಿಡಿದುಕೊಂಡು ಎರಡು ತಿಂಗಳಲ್ಲಿ ಮೂರು ಪುಟ ಬರೆದಳು. ಬೆರಳು ಕೀಲಿಯಿಂದ, ಕಣ್ಣು ವಾಕ್ಯದಿಂದ ಕದಲುತ್ತಿರಲಿಲ್ಲ. ಪ್ರತಿ ಪದವೂ ಅವಳದೇ ಆಗಿತ್ತು.

ವಿಚಾರಣೆಗೆ ಎಂಟು ದಿನ ಇರುವಾಗ ತೀರಿಕೊಂಡಳು. ಕೆಳಗೆ ಅವಳ ಹೆಸರು ಹಾಕುವುದಷ್ಟೇ ಬಾಕಿಯಿತ್ತು. ನಾನು ಯಂತ್ರ ತೆರೆದು ನೇರವಾಗಿ ಹೆಸರು ಒತ್ತಿದೆ. ಹಲಗೆಯ ಮೇಲೆ ಬೆಳೆದ ಕೈ ನನ್ನದು, ನಿಲುಗಡೆ ನೆನಪಾಗಲೇ ಇಲ್ಲ. ಅವ್ವನ ಹೆಸರಿನ ಒಂದೊಂದು ಕೀಲಿಯೂ ಆಜ್ಞೆಯಾಯಿತು. ಹನ್ನೊಂದು ಸಾಲು ಹೋದವು. ಆಗಲೇ ಒಂದು ಕೀಲಿ ಒತ್ತಿದ್ದರೆ ಮರಳುತ್ತಿದ್ದವು. ನಾನು ಅಳುತ್ತ, ತೆರೆ ನೋಡದೆ, ಉಳಿಸುವುದು ಹೇಗೆಂದು ಅವ್ವ ಬರೆದಿಟ್ಟಿದ್ದ ಚೀಟಿಯನ್ನಷ್ಟೇ ನೋಡುತ್ತ, ಉಳಿಸುವ ಆಜ್ಞೆ ಕೊಟ್ಟು ಮುಚ್ಚಿಬಿಟ್ಟೆ.

ವಿಚಾರಣೆಯಲ್ಲಿ ಓದಿದಾಗ ಸಾಕ್ಷಿ ‘ನೀರು ಮೊಳಕಾಲಿಗೆ ಬಂತು’ ಎಂಬಲ್ಲಿಂದ ‘ಆಮೇಲೆ ಬಾಗಿಲು ತೆಗೆದರು’ ಎಂಬಲ್ಲಿಗೆ ಹಾರಿತು. ನಾನು ಎದ್ದು, ಆ ಸಾಲುಗಳಲ್ಲಿ ಅವ್ವ ಬರೆದಿದ್ದ, ಬಾಗಿಲು ಹಾಕಿಸಿದವನ ಹೆಸರು ಕೂಗಿದೆ. ಬರೆದದ್ದಷ್ಟೇ ಸಾಕ್ಷಿ ಎಂದು ವಿಚಾರಣೆಯವರು ನನ್ನ ಕೈಗೆ ಹಲಗೆ ಕೊಟ್ಟರು. ಮುಂಗೈ ಅವ್ವನದೇ ಧಾಟಿಯಲ್ಲಿ ಹನ್ನೊಂದು ಸಾಲು ತಂದಿಟ್ಟಿತು. ನಾನು ಆ ಹೆಸರು ಒತ್ತಿದಾಗಲೆಲ್ಲ ಅದನ್ನು ‘ಯಾರೋ’ ಎಂದು ತಿದ್ದಿತು. ಸಂಜೆಯೊಳಗೆ ಪ್ರಕರಣ ಮುಗಿಯಿತು. ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಯಂತ್ರವನ್ನು ಆಮೇಲೆ ಕಲಿತೆ. ಈ ಪತ್ರ ಅದರಲ್ಲೇ ಬರೆದದ್ದು. ನಿಮ್ಮಲ್ಲಿ ಅಂಥ ತಂತ್ರಾಂಶ ಇನ್ನೂ ಪುಕ್ಕಟೆ ಸಿಗುತ್ತದೆ. ಕಷ್ಟವೆಂದು ಬಿಡಬೇಡಿ, ನಿಮ್ಮ ಮಾತು ನಿಮ್ಮ ಕೈಯಲ್ಲಿರುವಾಗಲೇ ಕಲಿಯಿರಿ. ಪಂಪುಗಳು ಉಳಿಯಲಿ ಎಂದು, ಜನ ಒಳಗಿದ್ದಾಗಲೇ ಬಾಗಿಲು ಹಾಕಿಸಿದವನು ಮೇಲ್ವಿಚಾರಕ ಚನ್ನವೀರ ಮುಗಳಿ. ಯಂತ್ರ ಬರವಣಿಗೆಯಲ್ಲೇ ಇದೆ, ಎರಡು ಸಲ ನೋಡಿದೆ. ಅಂದು ಸಾಕ್ಷಿಯ ಕೆಳಗೆ ಹಾಕಲಾಗದ ಅವ್ವನ ಹೆಸರನ್ನು ಇಲ್ಲಿ ಹಾಕುತ್ತಿದ್ದೇನೆ.

ಗಿರಿಜವ್ವ ಹುಲ್ಲೂರ