ಮೂರನೇ ಮಹಡಿ ಯಾರದು

೪ ಜನವರಿ ೨೦೦೮, ಶುಕ್ರವಾರ

ಇವತ್ತೂ ಸ್ಯಾಂಡ್‌ಪೇಪರ್. ಬೆಳಿಗ್ಗೆಯಿಂದ ಗೋಡೆ ಉಜ್ಜಿದ್ದೇ ಉಜ್ಜಿದ್ದು. ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ಪಟಾನ್‌ಚೆರು ಬಸ್ಸಿನಲ್ಲಿ ಪಕ್ಕದವಳು ಸೀರೆ ಎಳೆದುಕೊಂಡು ಸರಿದು ಕೂತಳು.

ನನ್ನ ಮಷೀನು ಈಗ ಗುರುಸಿದ್ದಪ್ಪ ಮೇಸ್ತ್ರಿಯ ಕೈಯಲ್ಲಿ. ನನ್ನ ಅನ್ನಬಾರದು, ಕಂಪನಿಯದು. ಆದರೂ ನನ್ನದೇ. ದುಬೈಯಿಂದ ಬಂದಾಗ ಯಾರೂ ಮುಟ್ಟಿರಲಿಲ್ಲ. ಕೈಯಲ್ಲಿ ಹಿಡಿಯುವ ಡಬ್ಬಿ. ಒಂದು ಕಡೆ ಪೇಪರ್ ಟೇಪಿನ ಸುರುಳಿ, ಇನ್ನೊಂದು ಕಡೆ ಕಲಸಿದ ಪುಟ್ಟಿ, ಸಂದಿ ಮುಚ್ಚುವ ಬಿಳಿ ಮೆತ್ತು. ಎಳೆದರೆ ಪುಟ್ಟಿ ಮೆತ್ತಿಕೊಂಡೇ ಟೇಪು ಹೊರಗೆ ಬರುತ್ತದೆ. ಎರಡು ಜಿಪ್ಸಮ್ ಬೋರ್ಡು ಕೂಡುವ ಸಂದಿಯ ಮೇಲೆ ಒತ್ತುತ್ತ ಹೋಗುವುದು, ಅಷ್ಟೇ. ಆ ‘ಅಷ್ಟೇ’ ಕಲಿಯಲು ಊಟದ ಬಿಡುವೆಲ್ಲ ಕಳೆದೆ. ಮಾದಾಪುರದ ಈ ಆಫೀಸಿನ ಮೂರನೇ ಮಹಡಿ ಪೂರ್ತಿ ನಾನು ಎಳೆದದ್ದು. ಸವರಿ ನೋಡಿದರೆ ಸಂದಿ ಎಲ್ಲಿತ್ತು ಅಂತ ನನಗೇ ತಿಳಿಯುವುದಿಲ್ಲ.

ಕಲಿ ಅಂತ ಮಷೀನು ಕೊಟ್ಟ ಸೂಪರ್‌ವೈಸರ್ ಸುಬ್ಬರಾಯ ಸರ್ ವೈಜಾಗ್ ಸೈಟಿಗೆ ಹೋದರು. ಮರುದಿನವೇ ಗುರುಸಿದ್ದಪ್ಪ ಹೊಸ ಎಂಜಿನಿಯರ್ ಹತ್ತಿರ— ಮೂರನೇ ಮಹಡಿ ಪೂರಾ ತನ್ನ ಕೆಲಸವಂತೆ, ನಾನು ಬಕೆಟ್ ಎತ್ತುವವಳಂತೆ. ಅಲ್ಲೇ ನಿಂತಿದ್ದೆ. ಬಾಯಿ ತೆರೆದೆ. ಎಂಜಿನಿಯರ್ ಆಗಲೇ ಫೋನಿನಲ್ಲಿ...

೬ ಜನವರಿ, ಭಾನುವಾರ

ನಮ್ಮ ಮನೆಯವರು ನನ್ನನ್ನು ಬಿಟ್ಟು ತಮ್ಮ ಅಣ್ಣನ ಮನೆಗೆ ಹೋದರು.

ಗುರುಸಿದ್ದಪ್ಪ ನಮ್ಮ ಸೇಡಂ ಕಡೆಯವನೇ. ಇವರಿಗೆ ಹಳೆಯ ಪರಿಚಯ. ನಿನ್ನೆ ಬಸ್‌ಸ್ಟಾಪಿನಲ್ಲಿ ಕಿವಿಗೆ ಊದಿದ್ದಾನೆ. “ಅಮರೇಶಪ್ಪಾ, ಸುಬ್ಬರಾಯ ಸಾಹೇಬ ಸುಮ್ನ ಕೊಟ್ಟಾನೇನು ಮಷೀನ, ನಿನ್ನ ಹೇಣ್ತಿ ಕೈಯಾಗ?”

ಒಳಗೆ ಕರೆದು ಕೇಳಿದ್ದರೆ ಹೇಳುತ್ತಿದ್ದೆ. ಇವರು ಕೇಳಿದ್ದು ಓಣಿಯಲ್ಲಿ, ಎಲ್ಲರ ಎದುರು.

“ಏನ್ ಕೊಟ್ಟು ತಗೊಂಡಿ ಆ ಮಷೀನ?”

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

೯ ಜನವರಿ

ಉಜ್ಜುತ್ತ ಉಜ್ಜುತ್ತ ಒಂದೇ ಯೋಚನೆ. ಗುರುಸಿದ್ದಪ್ಪನ ಕಾಲು ಮುರಿಯಲಿ ಅಂತಲ್ಲ. ಕಾಲು ಕೂಡಿಕೊಳ್ಳುತ್ತದೆ. ಅವನ ಮಾನ ಮುರಿದರೆ ಕೂಡಬಾರದು.

ಪುಟ್ಟಿ ಬಹಳ ಹೊತ್ತು ಮೆತ್ತಗೇ ಇರುತ್ತದೆ. ಸೀಲಿಂಗಿಗೆ ಹಾಕುವ ಪಿಓಪಿ ಪ್ಲಾಸ್ಟರ್ ಹಾಗಲ್ಲ, ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಗಟ್ಟಿ. ಎರಡೂ ಬಿಳಿ ಪುಡಿ. ಬೆರೆಸಿದರೆ ಕಣ್ಣಿಗೆ ತಿಳಿಯುವುದಿಲ್ಲ.

ಆದರೆ ಪುಟ್ಟಿ ಕಲಸುವವಳು ಜಯಮ್ಮ. ಮಷೀನು ಕೆಟ್ಟರೆ ಅವಳ ತಲೆಗೇ ಬರುತ್ತದೆ. ಬೇಡ. ಸಂಕ್ರಾಂತಿಗೆ ಅವಳು ಊರಿಗೆ ಹೋಗುತ್ತಾಳೆ. ಕಾಯುತ್ತೇನೆ. ಕಾಯುವುದು ನನಗೆ ಬರುತ್ತದೆ.

೧೭ ಜನವರಿ, ಗುರುವಾರ. ಊಟದ ಹೊತ್ತು

ಆಯಿತು!

ಬೇರೆ ಸೈಟಿನವರೆಲ್ಲ ಮಷೀನು ನೋಡಲು ಬಂದಿದ್ದರು. ಎಂಜಿನಿಯರೇ ಕರೆಸಿದ್ದು. ಜಯಮ್ಮ ಇನ್ನೂ ಊರಲ್ಲಿ. ಗುರುಸಿದ್ದಪ್ಪ ತೋಳು ಮಡಚಿ ತಾನೇ ಕಲಸಿದ— ಬೆಳಿಗ್ಗೆ ನಾನು ಪಿಓಪಿ ಬೆರೆಸಿಟ್ಟ ಚೀಲದಿಂದ. ಮೊದಲನೆಯ ಸಂದಿ ಚೆನ್ನಾಗಿಯೇ ಬಂತು. ಆಮೇಲೆ ಭಾಷಣ. ಹೀಗೆ ಹಿಡಿಯಬೇಕು, ಹಾಗೆ ಎಳೆಯಬೇಕು... ಮಾತಾಡು ಮೇಸ್ತ್ರಿ, ಇನ್ನೂ ಮಾತಾಡು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಎರಡನೆಯದಕ್ಕೆ ಟೇಪು ಬರಲಿಲ್ಲ. ಎಳೆದ. ಹರಿಯಿತು. ಮುಚ್ಚಳಕ್ಕೆ ಗುದ್ದಿದ. ಯಾರೋ ಕಿಸಕ್ಕೆಂದರು. ನನ್ನ ಕಡೆ ತಿರುಗಿದವನೇ ಹಿಂದಿ, ಕನ್ನಡ ಎಲ್ಲ ಸೇರಿಸಿ ಕೂಗಿದ.

“ಇದು ಈಕಿದs ಕೆಲ್ಸ ಸಾಬ್! ಈ ಮಷೀನ ಈಕಿ ಒಬ್ಬಾಕಿಗೇ ಗೊತ್ತೈತಿ. ಥರ್ಡ್ ಫ್ಲೋರ್ ಪೂರಾ ಈಕೀನೇ ಎಳದಾಳ!”

ಕೂಗಿ ಆದ ಮೇಲೆ ಏನು ಕೂಗಿದೆ ಅಂತ ತಿಳಿಯಿತು ಅವನಿಗೆ.

ಎಂಜಿನಿಯರ್ ಮೆಲ್ಲಗೆ ಕೇಳಿದರು: ಹಾಗಾದರೆ ನಿನ್ನ ಕೆಲಸ ಯಾವುದು? ಸಂಜೆಯೊಳಗೆ ಮಷೀನು ಸರಿಯಾಗದಿದ್ದರೆ ನಾಳೆ ಬರಬೇಡ ಅಂದರು.

ಅದೇ ದಿನ, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಬರೆಯದೆ ಇರಲಾರೆ.

ಮೂರು ಗಂಟೆಯ ಸುಮಾರಿಗೆ ಮಷೀನು ಎದೆಗೆ ಅವುಚಿಕೊಂಡು ಬಂದ. “ತಂಗೀ, ಹೆಂಗರ ಮಾಡಿ ಇದನ್ನ ಬಿಚ್ಚಿ ಕೊಡವಾ.”

“ಮೊದ್ಲು ಫೋನ್ ಮಾಡ್ರಿ. ನಮ್ಮ ಮನ್ಯಾಗಿನವರಿಗೆ.”

ನನ್ನ ಮುಖ ನೋಡಿದ. ಮಾಡಿದ. ಸುತ್ತ ಬೋರ್ಡಿನ ಕೆಲಸದವರು ಕೈ ನಿಲ್ಲಿಸಿ ಕೇಳುತ್ತಿದ್ದರು.

“ಅಮರೇಶಪ್ಪಾ... ನಾ ಅವತ್ತ ಅಂದದ್ದು ಸುಳ್ಳೋ. ನಿನ್ನ ಹೇಣ್ತಿ ಉಣ್ಣೂದು ಬಿಟ್ಟು ಕಲತಾಳ. ನಾನs ಕಣ್ಣಾರೆ ನೋಡೀನಿ. ಹೊಟ್ಟಿಕಿಚ್ಚಿಗೆ ಅಂದೆ.”

ಫೋನ್ ಇಟ್ಟು ಕೈ ಚಾಚಿದ. “ಈಗರ ಬಿಚ್ಚವಾ.”

ಮಷೀನು ತೆಗೆದುಕೊಂಡೆ. ಮುಚ್ಚಳ ಅಲುಗಲಿಲ್ಲ. ಅಲುಗುವುದಿಲ್ಲ ಅಂತ ಅವನು ಬರುವ ಮೊದಲೇ ಗೊತ್ತಿತ್ತು.

“ಕಲ್ಲಾಗೈತ್ರಿ ಮೇಸ್ತ್ರಿ. ಇನ್ನ ಯಾರ ಕೈಲೂ ಆಗೂದಿಲ್ಲ.”

ಅವನ ಮುಖ! ಬಿಎಚ್‌ಇಎಲ್ ಸ್ಟಾಪು ದಾಟಿತು, ಇನ್ನೂ ಕಣ್ಣಮುಂದೆಯೇ ಇದೆ.

೧೮ ಜನವರಿ

ಗುರುಸಿದ್ದಪ್ಪ ಬರಲಿಲ್ಲ. ನಾಲ್ಕನೇ ಮಹಡಿಯ ಟೇಪಿಂಗ್ ನನಗೆ ಕೊಟ್ಟರು, ಕೈಯಿಂದಲೇ, ಪುಟ್ಟಿ ಸವರುವ ತಗಡಿನ ಪಟ್ಟಿ ಹಿಡಿದು. ನಿಧಾನ. ಮಷೀನನ್ನು ಸ್ಕ್ರ್ಯಾಪ್ ಗೋಣಿಗೆ ಹಾಕಿದ್ದಾರೆ. ನೋಡಬಾರದು ಅಂದುಕೊಂಡೆ. ನೋಡಿದೆ. ಅದು ಏನು ಮಾಡಿತ್ತು ಪಾಪ.

ಇವರು ಬರಲಿಲ್ಲ.

೨೦ ಜನವರಿ, ಭಾನುವಾರ, ಬೆಳಿಗ್ಗೆ

ಬಂದಿದ್ದಾರೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ.

“ಶಿವದೇವಿ, ಬಾಗಲಾ ತಗಿ.”

“ಯಾಕ್ರಿ?”

“ಗುರುಸಿದ್ದಪ್ಪ ಫೋನ್ ಮಾಡಿದ್ದ.”

“ಗುರುವಾರ ಮಾಡ್ಯಾನ. ಇವತ್ತ ಐತವಾರ.”

ಚಪ್ಪಲಿ ಸರಪರ ಅಂದಿತು. ಹೋಗಲಿಲ್ಲ.

“ತಪ್ಪಾತು. ತಗಿ ಈಗ.” ಪಿಸುಮಾತು.

“ಓಣಿಗೆ ಕೇಳ್ಸಂಗ ಹೇಳ್ರಿ. ಅವತ್ತ ಓಣಿಗೆ ಕೇಳ್ಸಂಗs ಕೇಳಿದ್ರಲ್ಲ.”

ಈಗ ಮತ್ತೆ ಹೇಳಿದರು, ಸ್ವಲ್ಪ ಜೋರು. ಪಕ್ಕದ ಸುಂದರಾಬಾಯಿಯ ಕಿಟಕಿ ಕಿರ್ರೆಂದಿತು. ಒಳ್ಳೆಯದು. ಅದರಾಚೆ ಇನ್ನೂ ಮನೆಗಳಿವೆ.

ಮತ್ತೆ ಶುರು ಮಾಡಿದರು. “ತಪ್ಪು ನಂದು. ನನ್ನ ಹೇಣ್ತಿ...”

ಹೇಣ್ತಿ? ಹೇಣ್ತಿ ಏನು? ಪೂರ್ತಿ ಹೇಳಲಿ. ಪೂರ್ತಿ ಹೇಳುವ ತನಕ ಈ ಚಿಲಕ ತೆಗೆಯುವುದಿಲ್ಲ.