ಯಾಮಿಬಾನ ಸಾವು ಬಾಕಿ ಇದೆ

ನನ್ನ ಕೈಯಲ್ಲಿ ಸಾಯಬೇಕಾಗಿರುವ ಕತ್ಸುರಾಗಿಗೆ,

ಎದ್ದು ಕೂತು ಓದು. ಮಲಗಿಕೊಂಡು ಓದುವ ಕಾಗದವಲ್ಲ ಇದು. ನಿಮ್ಮೂರು ಮುರಾಕಾಮಿಯಿಂದ ನಿನ್ನ ಅಕ್ಕ ಫುಸಾಯೆ ಫೋನು ಮಾಡಿದ್ದರು. ನೀನು ಮಾತು ಬಿಟ್ಟಿದ್ದೀಯಂತೆ. ಅನ್ನದ ಬಟ್ಟಲನ್ನು ಮುಟ್ಟಿದ ಹಾಗೆ ಮಾಡಿ ಹಿಂದಕ್ಕೆ ತಳ್ಳುತ್ತೀಯಂತೆ. ಬೆಳಗಾದರೆ ಬಂದರಿನ ಕಲ್ಲುಕಟ್ಟೆಯ ತುದಿಗೆ ಹೋಗಿ, ಕೆಳಗೆ ಕುದಿಯುವ ನೀರನ್ನೇ ನೋಡುತ್ತ ನಿಲ್ಲುತ್ತೀಯಂತೆ. "ನಾನೂ ಹಿಂದೆ ಹಿಂದೇನೇ ಹೋಗಿ ದೂರದಲ್ಲಿ ನಿಂತ್ಕೋತೀನಿ ದಾಂಜೊ ಸಾನ್. ಅವನ ಬೆನ್ನು ಒಂಚೂರು ಬಗ್ಗಿದ್ರೂ ನನ್ನ ಜೀವ ಬಾಯಿಗೆ ಬರುತ್ತೆ" ಎಂದು ಅತ್ತರು.

ಹಾಗಾದರೆ ಕೇಳು! ನಿನಗೆ ಸಾಯಲೇಬೇಕೆಂದಿದ್ದರೆ ಅದಕ್ಕೆ ಜಾಗ ಗೊತ್ತಾಗಿದೆ, ದಿನ ಗೊತ್ತಾಗಿದೆ, ಕೊಲ್ಲುವವನೂ ಗೊತ್ತಾಗಿದ್ದಾನೆ. ಬರುವ ಶುಕ್ರವಾರ ಬೆಳಿಗ್ಗೆ, ಟೋಕಿಯೊದ ನಮ್ಮ ರೆಕಾರ್ಡಿಂಗ್ ಕೋಣೆಯಲ್ಲಿ, ನಮ್ಮ ಕಾರ್ಟೂನು ಧಾರಾವಾಹಿ 'ಗುಡುಗು ಪಡೆ'ಯ ಕೊನೆಯ ಕಂತು. ಅಕಾಬಿಯ ಬೆಂಕಿಕತ್ತಿ ಯಾಮಿಬಾನ ಎದೆಗೆ ಇಳಿಯುತ್ತದೆ. ಅಕಾಬಿಗೆ ದನಿ ನಾನು, ಯಾಮಿಬಾಗೆ ದನಿ ನೀನು. ಏಳು ವರ್ಷ ನಾವು ಒಬ್ಬರನ್ನೊಬ್ಬರು ಕಡಿದಿದ್ದೇವೆ, ಸುಟ್ಟಿದ್ದೇವೆ, ಗೋಪುರಗಳ ನೆತ್ತಿಯಿಂದ ತಳ್ಳಿದ್ದೇವೆ. ಈಗ ಕೊನೆಯ ಏಟಿನ ಹೊತ್ತಿಗೆ ನೀನು ಸಮುದ್ರದ ಮುಂದೆ ಹೋಗಿ ನಿಂತರೆ, ಎತ್ತಿದ ಕತ್ತಿಯನ್ನು ನಾನು ಯಾರ ಮೇಲೆ ಇಳಿಸಲಿ?

ನನ್ನ ದನಿ ಜೋರು, ಗೊತ್ತು. ಕಾಗದದಲ್ಲೂ ಜೋರೇ. ಊರೂರು ಸುತ್ತುವ ಕತ್ತಿಕಾಳಗದ ನಾಟಕ ಮೇಳದಲ್ಲಿ, ಬಣ್ಣದ ಕೋಣೆಯ ಚಾಪೆಯ ಮೇಲೆ ಹುಟ್ಟಿದವನು ನಾನು. ನಡೆಯಲು ಬರುವ ಮೊದಲೇ ರಂಗದ ಮೇಲೆ ನನ್ನ ಕೊಲೆಯಾಗಿತ್ತು. ಕಡೆಯ ಸಾಲಿನ ಅಜ್ಜಿಗೆ ಕೇಳಿಸದ ಸಾವು ಸಾವೇ ಅಲ್ಲ ಎನ್ನುತ್ತಿದ್ದ ಅಪ್ಪ. ಆ ಗಂಟಲು ಹೊತ್ತುಕೊಂಡು ಮೈಕಿನ ಮುಂದೆ ನಿಂತ ಮೊದಲ ದಿನ ನೆನಪಿದೆಯೇ? ನಾನು ಹಾಕಿದ ಆರ್ಭಟಕ್ಕೆ ಗಾಜಿನಾಚೆ ಕೂತಿದ್ದ ನಿರ್ದೇಶಕಿ ಹಬುಕಾ ಸಾನ್ ಕಿವಿಯ ಮೇಲಿನ ಹೆಡ್‌ಫೋನು ಕಿತ್ತೆಸೆದರು. "ರಾಕ್ಷಸನ್ನ ಕೊಲ್ಲಪ್ಪ, ಮೈಕನ್ನ ಯಾಕೆ ಕೊಲ್ತೀಯಾ!" ಎಂದರು. ನೀನು ಹತ್ತಿರ ಬಂದು ಎರಡು ಬೆರಳಿನಿಂದ ನನ್ನ ಹೊಟ್ಟೆಗೆ ಫಕ್ಕನೆ ತಿವಿದೆ. ನನ್ನ ಉಸಿರು ಒಳಕ್ಕೆ ಸೆಳೆದುಕೊಂಡಿತು.

"ನೋಡ್ದಾ? ಇರಿತ ತಿಂದೋನು ಕೂಗಲ್ಲ ಕಣಯ್ಯ. ಅವನ ಉಸಿರು ಒಳಗೆ ಹೋಗುತ್ತೆ ಅಷ್ಟೇ. ಕೂಗೋದು ಪಕ್ಕದಲ್ಲಿ ನಿಂತು ನೋಡ್ತಿರೋನು."

ಹಿಂದಿನ ಬೆಂಚಿನಿಂದ ಒಬ್ಬಳು ಕಿಸಕ್ಕನೆ ನಕ್ಕಳು. ಒರಿಯೆ.

ಚಿತ್ರದಲ್ಲಿ ಅವಳು ಮಿನಾವಾ, ನೀರನ್ನು ಈಟಿ ಮಾಡಿ ಎಸೆಯುವವಳು. ಮಿನಾವಾಗೆ ಅಕಾಬಿಯ ಮೇಲೆ ಪ್ರಾಣ. ಯಾಮಿಬಾಗೆ ಮಿನಾವಾಳ ಮೇಲೆ ಪ್ರಾಣ. ಅವಳು ಸಿಗದ ಉರಿಗೆ ಅವನು ಪಡೆ ಬಿಟ್ಟ, ಶತ್ರುವಿನ ಕಡೆ ಸೇರಿದ, ಜೊತೆಗೆ ಉಂಡವರ ಕೈಕಾಲು ಕತ್ತರಿಸಿದ, ಅರ್ಧ ನಗರವನ್ನು ಬೂದಿ ಮಾಡಿದ. ಗಾಜಿನ ಈಚೆಗೆ ಎಲ್ಲ ತಿರುಗುಮುರುಗು! ನನ್ನ ಭುಜಕ್ಕೆ ಭುಜ ತಾಗಿಸಿ ನಿಂತು "ನೀನಿಲ್ಲದೆ ನಾನಿಲ್ಲ ಅಕಾಬಿ" ಎಂದು ನಡುಗುವ ದನಿಯಲ್ಲಿ ಹೇಳಿದವಳು, ರೆಕಾರ್ಡಿಂಗಿನ ಕೆಂಪು ದೀಪ ಆರಿದ್ದೇ ತಡ, ನಿನ್ನ ಕೋಟಿನ ಜೇಬಿಗೆ ಕೈ ತೂರಿಸಿ "ಹೊಟ್ಟೆ ಹಸೀತಿದೆ, ಸೊಬಾ ತಿನ್ನೋಣ ನಡಿಯೋ" ಎನ್ನುತ್ತಿದ್ದಳು. ಪರದೆಯ ಪ್ರೇಮವೆಲ್ಲ ನನ್ನ ಪಾಲು. ಸೊಬಾ ಶಾವಿಗೆಯ ಬಟ್ಟಲಿನ ಎದುರಿನ ಕುರ್ಚಿ ನಿನ್ನ ಪಾಲು.

ನೀವಿಬ್ಬರು ಮದುವೆಯಾಗುತ್ತೀರೆಂದು ಹಿತ್ತಲ ಓಣಿಯಲ್ಲಿ ನೀನು ಹೇಳಿದಾಗ ನಾನು ಶುಭಾಶಯವನ್ನೇ ಹೇಳಿದೆ. ಆದರೆ ನನ್ನ ಮುಖ ಬೇರೇನೋ ಹೇಳಿರಬೇಕು. "ಏಳು ದಿನಕ್ಕೊಂದ್ಸಲ ನೀನು ಅವಳನ್ನ ಅಪ್ಕೊಳ್ಳೋದನ್ನ ನಾನು ಬಾಯಿ ಮುಚ್ಕೊಂಡು ಕೇಳಿಸ್ಕೋತೀನಲ್ಲ, ನನಗೆ ಹೆಂಗಾಗ್ಬೇಕು?" ಎಂದು ಮೊದಲ ಏಟು ಹಾಕಿದವನು ನೀನು. ನಾನು ರಂಗದವನು, ಏಟಿಗೆ ಏಟು ಕೊಡುವುದು ಕೈಗೆ ತಾನಾಗಿ ಬರುತ್ತದೆ. ನಿನ್ನ ಹುಬ್ಬು ಒಡೆಯಿತು. ನನ್ನ ಪಕ್ಕೆಲುಬು ಕಟ್ ಎಂದಿತು. ತಗಡಿನ ಕಸದ ಡಬ್ಬಿಗಳ ಮೇಲೆ ಉರುಳಾಡಿ ಒಬ್ಬರ ರಕ್ತವನ್ನು ಇನ್ನೊಬ್ಬರ ಅಂಗಿಗೆ ಬಳಿದೆವು. ಒರಿಯೆ ಓಡಿ ಬಂದವಳು ನಿನ್ನ ಕಿವಿಯನ್ನೂ ನನ್ನ ಕಿವಿಯನ್ನೂ ಒಟ್ಟಿಗೇ ಹಿಂಡಿದಳು. "ಎಲ್ಲಿಗೆ ಬೇಕಾದ್ರೂ ಹೊಡ್ಕೊಳ್ರೋ, ಬಾಯಿಗೆ ಮಾತ್ರ ಬೇಡ! ನಾಳೆ ರೆಕಾರ್ಡಿಂಗ್ ಇದೆ. ತುಟಿ ಊದಿದ್ರೆ ಜಗತ್ತನ್ನ ಯಾರು ಉಳಿಸ್ತಾರೆ, ನಿಮ್ಮಪ್ಪಾನಾ?" ಮರುದಿನ ನಾವು ಪರಸ್ಪರ ಕೊಚ್ಚಿಕೊಂಡ ಕಂತನ್ನು ಜನ ಈಗಲೂ ಹೊಗಳುತ್ತಾರೆ. ಅದರಲ್ಲಿ ನಾನು ನರಳುವುದು ನಟನೆಯಲ್ಲ, ಪಕ್ಕೆಲುಬು.

ಆಮೇಲೆ ಅವಳ ಹೊಟ್ಟೆಯಲ್ಲಿ ಆ ಗಂಟು. ಹಬುಕಾ ಸಾನ್ ಬರಹಗಾರರನ್ನು ಕರೆದು ಮಿನಾವಾಗೆ ಸಾವು ಬರೆಸಿದರು. ಒರಿಯೆಯೇ ಕೇಳಿದ್ದು. "ಇನ್ನೊಬ್ಬಳ ದನೀಲಿ ಅವಳು ಬದುಕೋದು ಬೇಡ. ನಾನಿರುವಾಗಲೇ ಕೊಂದುಬಿಡಿ" ಎಂದಳಂತೆ.

ಆ ದಿನಕ್ಕೆ ಬರುತ್ತೇನೆ. ನೀನು ಮುಖ ತಿರುಗಿಸಬೇಡ, ಬರಲೇಬೇಕು.

ಚಿತ್ರ ಬರೆಯುವವರು ಎಂದಿನಂತೆ ಹಿಂದೆ ಬಿದ್ದಿದ್ದರು. ಪರದೆಯ ಮೇಲೆ ಚಿತ್ರವೇ ಇಲ್ಲ, ಬರೀ ಬಿಳುಪು. ಅದರ ಮೇಲೆ ಬಣ್ಣದ ಗೆರೆಗಳು. ಕೆಂಪು ಗೆರೆ ಮೂಡಿದರೆ ನಾನು ಮಾತಾಡಬೇಕು, ಕಪ್ಪು ಮೂಡಿದರೆ ನೀನು, ನೀಲಿ ಮೂಡಿದರೆ ಅವಳು. ಎಷ್ಟು ಯುದ್ಧಗಳನ್ನು ನಾವು ಹೀಗೆ ಕುರುಡಾಗಿ ಮಾಡಿಲ್ಲ! ಅವಳ ಸಾವಿನ ಬಗ್ಗೆ ಕೈಯಲ್ಲಿದ್ದ ಪುಟದಲ್ಲಿ ಇದ್ದದ್ದು ಇಷ್ಟೇ: ಎರಡು ಕತ್ತಿಗಳ ನಡುವೆ ಮಿನಾವಾ ನುಗ್ಗುತ್ತಾಳೆ. ಇರಿತ. ಬೀಳುತ್ತಾಳೆ. ಯಾರ ಕತ್ತಿ ಎಂದು ಬರೆದಿರಲಿಲ್ಲ. ನಾವು ಕೇಳಲೂ ಇಲ್ಲ. ಬಿರುಸಾಗಿ ನುಗ್ಗಿ ಬರುತ್ತಿದ್ದವನು ಅಕಾಬಿ, "ಸರಿದುಕೋ ಮಿನಾವಾ, ದೂರ ಸರಿ!" ಎಂದು ಕಿರುಚುತ್ತಿದ್ದವನು ಯಾಮಿಬಾ. ಇರಿದವನು ಅಕಾಬಿಯೇ ಎಂದು ನೀನೂ ತಿಳಿದೆ, ನಾನೂ ತಿಳಿದೆ.

ಅವಳು ಕುರ್ಚಿಯಲ್ಲಿ ಕೂತಿದ್ದಳು, ಉಣ್ಣೆ ಟೋಪಿ ಕಿವಿಯವರೆಗೆ ಎಳೆದುಕೊಂಡು. ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿದ್ದರು. ಶುರುವಾಯಿತು! ಕೆಂಪು, ಕಪ್ಪು, ಕೆಂಪು, ಕಪ್ಪು! ಕತ್ತಿಗೆ ಕತ್ತಿ ಬಡಿದು ಕಿಡಿ, ಸೇತುವೆ ಎರಡು ತುಂಡು, ನಿನ್ನ ಎಡಗೈ ಮೊಣಕೈಯಿಂದ ಕತ್ತರಿಸಿ ಹೋಗಿ ನದಿಗೆ ಬಿತ್ತು, ನನ್ನ ಒಂದು ಕಣ್ಣು ಸುಟ್ಟಿತು, ಹಲ್ಲಿನ ಸಂದಿಯಿಂದ ರಕ್ತ ಉಗುಳುತ್ತ ನಾನು ಹಾರಿದೆ, ನೀನು ಹಾರಿದೆ, ಮತ್ತು ನಡುವೆ, ಬಿಳಿಯ ಪರದೆಯ ನಡುವೆ, ನೀಲಿ ಗೆರೆ.

ಅವಳು ಉಸಿರನ್ನು ಒಳಗೆ ಎಳೆದುಕೊಂಡಳು. ಅಷ್ಟೇ.

ಕೊಂದವನ ಆರ್ಭಟ ನಾನು ಹಾಕಿದೆ. ನೋಡಿದವನ ಗೋಳು ನೀನು ಹಾಕಿದೆ. ಅಂಥ ಗೋಳನ್ನು ನಾನು ನಮ್ಮಪ್ಪನ ರಂಗದ ಮೇಲೂ ಕೇಳಿರಲಿಲ್ಲ. ಗೆರೆ ಅಳಿದ ಮೇಲೂ ನಿನ್ನ ದನಿ ನಿಲ್ಲಲಿಲ್ಲ. ಹಬುಕಾ ಸಾನ್ ಕೂಡ "ಸಾಕು" ಎನ್ನಲಿಲ್ಲ.

ಚಿತ್ರ ಬಂದಾಗ ಮಿನಾವಾಳ ಬೆನ್ನಿನಿಂದ ಹೊರಬಂದಿದ್ದು ಯಾಮಿಬಾನ ಕರಿಯ ಕತ್ತಿ. ಮತ್ತೆ ದನಿ ತುಂಬಿಸೋಣವೆಂದರೆ ಅವಳು ಹಾಸಿಗೆಯಿಂದ ಏಳುವ ಹಾಗಿರಲಿಲ್ಲ. ನಮಗೂ ತಿಳಿಸದೆ ಹಾಗೇ ಪ್ರಸಾರ ಮಾಡಿದರು.

ಆ ಭಾನುವಾರ ಬೆಳಿಗ್ಗೆ ಆಸ್ಪತ್ರೆಯ ಕೋಣೆಯಲ್ಲಿ ನಾವು ಮೂವರೂ ನೋಡಿದೆವು. ಮಂಚದ ಆ ಕಡೆ ನೀನು, ಈ ಕಡೆ ನಾನು. ಕತ್ತಿ ನಿನ್ನದೆಂದು ಕಂಡ ಆ ಕ್ಷಣ ನೀನು ಕುರ್ಚಿ ಬೀಳಿಸಿಕೊಂಡು ಎದ್ದು ಹೊರಗೆ ಓಡಿದೆ. ನೀನು ಮರಳಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು, ಆಮೇಲೆ ಅವಳು ಸರಿಯಾಗಿ ಎಚ್ಚರಾಗಲೇ ಇಲ್ಲ. ಶಾಲೆಯ ಹುಡುಗಿಯೊಬ್ಬಳು ರೈಲಿನಲ್ಲಿ ನಿನ್ನ ದನಿ ಗುರುತು ಹಿಡಿದು "ಮಿನಾವಾನ ಯಾಕೆ ಸಾಯಿಸಿದ್ರಿ?" ಎಂದು ಕೇಳಿದಳಂತೆ. ನೀನು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆಯಂತೆ.

ಅವಳನ್ನು ಸುಟ್ಟ ಮೇಲೆ ಮೂಳೆ ಆರಿಸಲು ನನ್ನನ್ನೂ ಕರೆದೆ. ಅದು ಮನೆಯವರ ಕೆಲಸ, ಆದರೂ ಕರೆದೆ. ಬಿದಿರು ಕಡ್ಡಿಗಳಲ್ಲಿ ನೀನೊಂದು ಕಡೆ, ನಾನೊಂದು ಕಡೆ ಹಿಡಿದು ಕಾಲಿನಿಂದ ಶುರುಮಾಡಿ ಮೇಲಕ್ಕೆ ಬಂದೆವು. ಕೊನೆಗೆ ಉಳಿದದ್ದು ಗಂಟಲಿನ ಮೂಳೆ. ನಮ್ಮಿಬ್ಬರ ಹೊಟ್ಟೆ ಹೊರೆದ ಗಂಟಲು ಅದು ಕತ್ಸುರಾಗಿ! ನಿನ್ನ ಕಡ್ಡಿ ಜಾರಿತು. ನಾನು ಬಿಗಿಹಿಡಿದು ಅದನ್ನು ಬೀಳಗೊಡದೆ ಕಲಶಕ್ಕೆ ಇಳಿಸಿದೆ. ಆಗ ನೀನು ಹೇಳಿದ್ದು ಒಂದೇ ಮಾತು. "ನಾನೇ ಕೊಂದೆ ಕಣೋ." ನಾನು ತೋಳು ಹಿಡಿದು ನಿಲ್ಲಿಸಲು ನೋಡಿದೆ, ನೀನು ಕೊಡವಿಕೊಂಡು ಹೋದೆ. ಫೋನು ಎತ್ತಲಿಲ್ಲ. ಊರಿಗೆ ಬಂದರೆ ಬಾಗಿಲು ತೆಗೆಯಲಿಲ್ಲ. ಅಂಗಳದಲ್ಲಿ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರೂ ಕಿವಿಯ ಮೇಲೆ ದಿಂಬು ಒತ್ತಿಕೊಂಡು ಮಲಗಿದ್ದೆಯಂತೆ. ಅದಕ್ಕೇ ಈ ಕಾಗದ. ಕಾಗದಕ್ಕೆ ದಿಂಬು ಅಡ್ಡ ಬರುವುದಿಲ್ಲ.

ನೀನು ಓಡಿಹೋದ ಮೇಲೆ ಆ ಕೋಣೆಯಲ್ಲಿ ಏನಾಯಿತು ಗೊತ್ತೇ? ಅವಳು ನಕ್ಕಳು. ಹೌದು, ನಕ್ಕಳು! ಪರದೆಯ ಮೇಲೆ ಯಾಮಿಬಾ ಅವಳ ಹೆಣವನ್ನು ಒಂಟಿ ಕೈಯಲ್ಲಿ ತಬ್ಬಿ ನಿನ್ನ ದನಿಯಲ್ಲಿ ಗೋಳಿಡುತ್ತಿದ್ದ. ಅವಳು ಕೆಮ್ಮಿಕೊಂಡು ಕೆಮ್ಮಿಕೊಂಡು ನಕ್ಕಳು. "ನೋಡು ದಾಂಜೊ, ಇರಿದೋನೂ ಇವನೇ, ಅಳೋನೂ ಇವನೇ. ಮನೇಲೂ ಹಿಂಗೇ ಕಣೋ. ನನ್ನ ಇಷ್ಟದ ಬಟ್ಟಲು ಒಡೆದುಹಾಕಿ, ನಾನು ಬಯ್ಯೋಕೆ ಮುಂಚೆ ತಾನೇ ಅಳೋಕೆ ಕೂತ್ಕೋತಾನೆ. ಕೊನೆಗೆ ನಾನೇ ಸಮಾಧಾನ ಮಾಡ್ಬೇಕು."

ಆಮೇಲೆ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಏಳು ವರ್ಷದಲ್ಲಿ, ಪುಟದಲ್ಲಿ ಬರೆಯದೆ ಅವಳು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಮುಟ್ಟಿ ಕೇಳಿದ್ದಾದರೂ ಏನು? ನಿನ್ನ ಮಾತೇ! "ಕೊನೇ ಕಂತಲ್ಲಿ ಅವನನ್ನ ಸರಿಯಾಗಿ ಕೊಲ್ಲು. ಅಯ್ಯೋ ಪಾಪ ಅಂತ ಕೈ ಸಡಿಲ ಬಿಟ್ಟೀಯಾ, ಹುಷಾರ್. ಆ ಯಾಮಿಬಾ ಇದ್ದಷ್ಟು ದಿನ ಇವನು ಅವನನ್ನ ಹೊತ್ಕೊಂಡೇ ತಿರುಗ್ತಾನೆ. ಅವನನ್ನ ಕೊಂದು ನನ್ನ ಗಂಡನ್ನ ಮನೆಗೆ ಕಳಿಸು."

ಪ್ರೇಮಿಗೆ ಒಪ್ಪಿಸುವ ಕೆಲಸವೇ ಇದು, ಹೇಳು! ಆದರೆ ಒಪ್ಪಿಕೊಂಡೆ. ಅವಳು ನನಗೆಂದು ಕೊಟ್ಟದ್ದು ಅದೊಂದೇ. ಅದನ್ನು ಬೇರೆಯವನ ಎದೆಯ ಮೇಲೆ ಖರ್ಚು ಮಾಡಲಾರೆ.

ಪ್ರಯತ್ನ ಮಾಡಿ ನೋಡಿದ್ದಾಯಿತು. ಮೊನ್ನೆ ನಿನ್ನ ಜಾಗಕ್ಕೆಂದು ಒಬ್ಬನನ್ನು ಕರೆಸಿದ್ದರು. ಒಳ್ಳೆಯ ದನಿ, ಒಳ್ಳೆಯ ಮನುಷ್ಯ, ಯಾಮಿಬಾನ ಆ ಒಣನಗುವನ್ನು ನಿನ್ನ ಹಾಗೇ ನಗುತ್ತಾನೆ. ಕಪ್ಪು ಗೆರೆ ಮೂಡಿತು, ಕೆಂಪು ಮೂಡಿತು, ನಾನು ಬಾಯಿ ತೆಗೆದೆ. ಬಂದದ್ದು ಮೀನು ಮಾರುವವನ ಕೂಗು. ಹಬುಕಾ ಸಾನ್ ಮೆಲ್ಲಗೆ ಕೇಳಿದರು, "ದಾಂಜೊ ಸಾನ್, ಇದು ಕೊಲೆಯೋ, ಬಂಗಡೆ ವ್ಯಾಪಾರವೋ?" ಇನ್ನೊಮ್ಮೆ ಮಾಡಿದೆ. ದನಿಯೇ ಹೊರಡಲಿಲ್ಲ. ನಾನು! ದನಿಯೇ ಹೊರಡಲಿಲ್ಲ! ಆ ಮನುಷ್ಯನೇ ಪುಟ ಮಡಚಿ ನನಗೆ ತಲೆಬಾಗಿಸಿ, "ಇದು ನನ್ನ ಸಾವಲ್ಲ ಅನಿಸುತ್ತೆ" ಎಂದು ಹೊರಟುಹೋದ. ಶುಕ್ರವಾರದವರೆಗೆ ಕಾಯುತ್ತೇವೆ ಎಂದಿದ್ದಾರೆ ಹಬುಕಾ ಸಾನ್. ಆಮೇಲೆ ಕಾಯುವುದು ಅವರ ಕೈಯಲ್ಲಿಲ್ಲ.

ಬಾ. ಮಾತು ಹೊರಡದಿದ್ದರೂ ಬಾ. ಸಾಯುವವನಿಗೆ ಆ ಪುಟದಲ್ಲಿ ಮಾತೇ ಇಲ್ಲ. ಈ ಸಲ ಯಾರ ಕತ್ತಿ ಎಂದು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ನನ್ನದೇ. ನಾನು ಎಲ್ಲ ಬಲ ಹಾಕಿ ಇರಿಯುತ್ತೇನೆ, ಕನಿಕರ ತೋರಿಸುವುದಿಲ್ಲ, ಕರಿಯ ಕವಚ ಸೀಳಿ, ಪಕ್ಕೆಲುಬು ಮುರಿದು, ಅವಳ ಮೇಲೆ ಕೈಯೆತ್ತಿದ ಆ ದುಷ್ಟನನ್ನು ಹಿಡಿಯವರೆಗೆ ಇರಿದು ಕೆಡವುತ್ತೇನೆ. ಅವನು ಅಲ್ಲೇ ಬಿದ್ದಿರಲಿ. ನೀನು ಎದ್ದು ಬಾಗಿಲು ತೆರೆದುಕೊಂಡು ಹೊರಗೆ ಬಾ. ಅಳುವುದಿದ್ದರೆ ನನ್ನ ಮುಂದೆ ಅಳು, ಸಮಾಧಾನ ಮಾಡಲು ನಾನು ಒರಿಯೆಯಷ್ಟು ಜಾಣನಲ್ಲ, ಆದರೂ ಎದುರಿನ ಕುರ್ಚಿಯಲ್ಲಿ ಕೂತಿರುತ್ತೇನೆ.

ಗುರುವಾರದ ರೈಲಿಗೆ ಫುಸಾಯೆ ಅಕ್ಕನೇ ನಿನ್ನನ್ನು ಹತ್ತಿಸುತ್ತಾರೆ, ಟೋಕಿಯೊದ ಉಯೆನೊ ನಿಲ್ದಾಣದಲ್ಲಿ ನಾನು ನಿಂತಿರುತ್ತೇನೆ. ನೀನು ಇಳಿಯದಿದ್ದರೆ ಎದುರಿನ ರೈಲು ಹತ್ತಿ ನಾನೇ ಬರುತ್ತೇನೆ. ನೀನು ನಿಲ್ಲುವ ಆ ಕಲ್ಲುಕಟ್ಟೆಯ ಮೇಲೆ ನಿನ್ನ ಪಕ್ಕದಲ್ಲೇ ನಿಂತು, ಮೈಕಿಲ್ಲದೆ, ಇಡೀ ಬಂದರು ಕೇಳುವಂತೆ ಯಾಮಿಬಾನನ್ನು ಅಲ್ಲೇ ಕೊಲ್ಲುತ್ತೇನೆ.

ನನ್ನ ಕೈಯಲ್ಲಿ ಒಂದು ಸಲ ಸಾಯಿ, ಗೆಳೆಯ. ಸತ್ತ ಮೇಲೆ ನೂರು ವರ್ಷ ಬಾಳು.

ಕತ್ತಿ ಎತ್ತಿ ಹಿಡಿದೇ ಕಾಯುತ್ತಿರುವ,
ದಾಂಜೊ