ಒಂಬತ್ತಡಿ ರೆಕ್ಕೆಯ ವಿಮಾನ

ಮಧುಗಿರಿ, ೧೨-೩-೧೯೮೬

ಕ್ಯಾತಪ್ಪ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ನೀನು ಊರು ಬಿಟ್ಟ ಮೇಲೆ ನಿನ್ನ ವಿಳಾಸ ಕೇಳುವ ಧೈರ್ಯವೂ ನನಗೆ ಬಂದಿಲ್ಲ.

ನಾವಿಬ್ಬರೂ ಎರಡು ವರ್ಷ ಕೂತು ಕಟ್ಟಿದ ಆ ದೊಡ್ಡ ಮಾದರಿ ವಿಮಾನ ಇವತ್ತು ಹಾರಿತು. ಬಡವನಹಳ್ಳಿಯ ಒಣಗಿದ ಕೆರೆಯಂಗಳದಲ್ಲಿ ನಾನೊಬ್ಬನೇ ಎಂಜಿನ್ ಶುರುಮಾಡಿದೆ. ದೂರದಿಂದ ವಿಮಾನ ನಡೆಸುವ ರೇಡಿಯೋ ಪೆಟ್ಟಿಗೆಯ ಕಡ್ಡಿ ನೂಕಿದ್ದೇ ತಡ, ಬುರ್ರೆಂದು ಓಡಿ ಜಾಲಿಮರಗಳ ಮೇಲೆದ್ದು ಎರಡು ಸುತ್ತು ಹಾಕಿತು. ನೀನು ಹೇಳುತ್ತಿದ್ದಂತೆಯೇ ಮೆತ್ತಗೆ ಇಳಿಯಿತು. ನೋಡಲು ಸೇರಿದ್ದ ಜನ ಚಪ್ಪಾಳೆ ತಟ್ಟಿದರು.

ಗುಂಪಿನಲ್ಲಿ ನಿಮ್ಮವ್ವನೂ ಇದ್ದಳು. ಹತ್ತಿರ ಬಂದು, ತಿರುಗುವುದು ನಿಂತಿದ್ದ ಪ್ರೊಪೆಲ್ಲರನ್ನು ಮುಟ್ಟಿ ನೋಡಿದಳು.

"ನನ್ ಮಗನ ಬೆರಳು ತಗದಿದ್ದು ಇದೇ ಏನಪ್ಪಾ?"

"ಹೂಂ ಅವ್ವ."

"ಅವತ್ತು ಹೆಂಗಾಯ್ತು, ನೀನಾದ್ರೂ ಹೇಳು. ಅವನ್ನ ಕೇಳುದ್ರೆ ಬಾಯೇ ಬುಡಲ್ಲ."

ಅವತ್ತು ಪೆಟ್ಟಿಗೆ ಇದ್ದದ್ದು ನನ್ನ ಕೈಯಲ್ಲಿ. "ತಡಿ ಕಣ್ಲಾ, ಕೈ ತೆಗೀತೀನಿ" ಎಂದು ಪ್ರೊಪೆಲ್ಲರಿನ ಬಳಿಯಿಂದ ನೀನು ಕೂಗಿದ್ದೆ. ನಿನ್ನನ್ನು ಬೆಚ್ಚಿಬೀಳಿಸಲು ಆಟಕ್ಕೆಂದು ಕಡ್ಡಿ ನೂಕಿದವನು ನಾನು. ಅದನ್ನೇ ಹೇಳಲೆಂದು ಬಾಯಿ ತೆರೆದೆ.

"ಅವನೇ ನೋಡದೆ ಕೈ ಇಟ್ಟ ಅವ್ವ" ಎಂದುಬಿಟ್ಟೆ.

"ಮೊದ್ಲಿಂದ್ಲೂ ಅವಸರದೋನು ಕಣಪ್ಪ. ಅದಕ್ಕೆ ನೀನ್ಯಾಕೆ ಅಳ್ತೀಯ?" ಎನ್ನುತ್ತಾ ಸೆರಗಿನಿಂದ ನನ್ನ ಮುಖ ಒರೆಸಿದಳು.

ಕ್ಯಾತಪ್ಪ, ನೀನು ಯಾಕೆ ಅವಳಿಗೆ ಹೇಳಲಿಲ್ಲ? ಈಗಲಾದರೂ ಬಂದು ಎಲ್ಲರೆದುರು ಹೇಳಿಬಿಡು. ನಿನ್ನ ಕಾಲು ಹಿಡಿಯುತ್ತೇನೆ, ನನ್ನ ಬಾಯಿಂದ ಅದು ಬರುವುದಿಲ್ಲ.

ಕದಿರಯ್ಯ